ವಾಯುಪಡೆಯ ಪೈಲಟ್ ಗಗನಯಾತ್ರಿಯಾಗುವ ದಾರಿ: ಪಿಯುಸಿಯಿಂದ ಕಕ್ಷೆಯವರೆಗೆ

ಪ್ರತಿ ವರ್ಷ ಪ್ರಥಮ ಪಿಯುಸಿ ತರಗತಿಗಳು ಆರಂಭವಾದ ಮೊದಲ ವಾರದಲ್ಲೇ, ಭೌತಶಾಸ್ತ್ರದ ಪಾಠ ಮುಗಿದ ಮೇಲೆ ಯಾರಾದರೊಬ್ಬ ವಿದ್ಯಾರ್ಥಿ ಹಿಂದೆ ಉಳಿದುಕೊಂಡು, "ಸರ್, ಗಗನಯಾತ್ರಿ ಆಗಬೇಕಾದರೆ ಏನು ಓದಬೇಕು?" ಎಂದು ಕೇಳುವುದುಂಟು. 2025ರ ಜೂನ್ 25ರಂದು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಹೊರಟು, ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿದ ಮೇಲಂತೂ ಈ ಪ್ರಶ್ನೆಯನ್ನು ಮಕ್ಕಳಷ್ಟೇ ಅಲ್ಲ, ಅವರ ತಂದೆ ತಾಯಂದಿರೂ ಕೇಳುತ್ತಿದ್ದಾರೆ. ಕಾರಿಡಾರಿನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ, ನನಗೆ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಗಗನಯಾತ್ರಿಯನ್ನು ತಯಾರಿಸುವ ಪದವಿ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಇದೆ ಎಂದು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ. ಆದರೆ ಈಗಾಗಲೇ ಕೆಲವರು ನಡೆದು ಹೋಗಿರುವ ದಾರಿಯೊಂದಿದೆ. ಭಾರತದ ಪ್ರಜೆಯಾಗಿದ್ದುಕೊಂಡು ಭೂಮಿಯ ಕಕ್ಷೆಗೆ ಹೋಗಿಬಂದವರು ಇಬ್ಬರು: 1984ರಲ್ಲಿ ರಾಕೇಶ್ ಶರ್ಮಾ, 2025ರಲ್ಲಿ ಶುಭಾಂಶು ಶುಕ್ಲಾ. ಭಾರತದ್ದೇ ನೌಕೆಯಲ್ಲಿ ಮನುಷ್ಯರನ್ನು ಕಕ್ಷೆಗೆ ಕಳುಹಿಸುವ ಗಗನಯಾನ ಯೋಜನೆಗಾಗಿ ಆಯ್ಕೆಯಾಗಿ, 2024ರ ಫೆಬ್ರವರಿ 27ರಂದು ತಿರುವನಂತಪುರದಲ್ಲಿ ಹೆಸರು ಪ್ರಕಟವಾದವರು ನಾಲ್ವರು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ. ಈ ಐವರೂ ಭಾರತೀಯ ವಾಯುಪಡೆಯವರು, ಐವರೂ ಎನ್‌ಡಿಎಯಲ್ಲಿ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕಲಿತವರು, ಐವರೂ ಟೆಸ್ಟ್ ಪೈಲಟ್‌ಗಳು, ಅಂದರೆ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು. ಈ ಮೂರರಲ್ಲಿ ಕೊನೆಯ ಅರ್ಹತೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆದ್ದರಿಂದ ಬಾಹ್ಯಾಕಾಶವನ್ನು ಗುರಿಯಾಗಿಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಟೆಸ್ಟ್ ಪೈಲಟ್ ಆಗುವುದನ್ನು ಗುರಿಯಾಗಿಟ್ಟುಕೊಳ್ಳಿ ಎಂಬುದೇ ನನ್ನ ಸಲಹೆ. ಅಲ್ಲಿಯವರೆಗಿನ ದಾರಿ ಬಹುಮಟ್ಟಿಗೆ ನಿಮ್ಮ ಶ್ರಮದ ಮೇಲೆ ನಿಂತಿದೆ. ಅದರಾಚೆಗಿನದು ದೇಶದ ಯೋಜನೆ, ರಾಕೆಟ್ಟಿನ ಸಿದ್ಧತೆ ಮತ್ತು ಸಮಯ ಕೂಡಿಬರುವುದರ ಮೇಲೆ ನಿಂತಿದೆ.

ಅರ್ಜಿ ಹಾಕುವ ಮೊದಲು ಕಣ್ಣು ತೋರಿಸಿಕೊಳ್ಳಿ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಗಣಿತದಲ್ಲಿ ಬಹಳ ಚುರುಕಾದ ಹುಡುಗನೊಬ್ಬನಿದ್ದ. ಎರಡು ವರ್ಷ ಎನ್‌ಡಿಎ ಪರೀಕ್ಷೆಗೆ ಓದಿ, ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಎರಡನ್ನೂ ಗೆದ್ದು, ವೈದ್ಯಕೀಯ ಪರೀಕ್ಷೆಯ ದಿನ ಬಣ್ಣದ ಚುಕ್ಕೆಗಳ ಪುಸ್ತಕದ ಮುಂದೆ ಕುಳಿತಾಗಲೇ ಅವನಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಾಯಿತು. ಪುಟದ ತುಂಬ ಚುಕ್ಕೆಗಳು. ಅವುಗಳ ನಡುವೆ 74 ಎಂಬ ಅಂಕಿ ಉಳಿದವರಿಗೆ ಎದ್ದು ಕಾಣುತ್ತಿತ್ತು, ಅವನಿಗೆ ಬೇರೇನೋ ಕಂಡಿತು. ಆ ಪರೀಕ್ಷೆಯನ್ನು ಊರಿನ ಕಣ್ಣಿನ ವೈದ್ಯರು ಎರಡು ನಿಮಿಷದಲ್ಲಿ ಮಾಡಿಬಿಡುತ್ತಾರೆ. ಮೊದಲೇ ಮಾಡಿಸಲು ಅವನಿಗೆ ಹೇಳಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಅದಕ್ಕಾಗಿಯೇ ಈ ವಿಷಯವನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದೇನೆ.

ಹತ್ತನೆಯ ತರಗತಿ ಮುಗಿದ ರಜೆಯಲ್ಲಿಯೇ ಕಣ್ಣಿನ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಯುಪಡೆಯ ಹಾರಾಟ ಶಾಖೆಗೆ ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ ಕನಿಷ್ಠ 6/9 ದೃಷ್ಟಿಯಿರಬೇಕು; ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಇರುವಂತಿಲ್ಲ. ದೇಹದ ಅಳತೆಗಳಿಗೂ ಮಿತಿಯಿದೆ: ಎತ್ತರ ಕನಿಷ್ಠ 162.5 ಸೆಂ.ಮೀ., ಕುಳಿತಾಗಿನ ಎತ್ತರ 81.5ರಿಂದ 96 ಸೆಂ.ಮೀ., ಕಾಲಿನ ಉದ್ದ 99ರಿಂದ 120 ಸೆಂ.ಮೀ., ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಯುದ್ಧವಿಮಾನದ ಕಾಕ್‌ಪಿಟ್ ಬಹಳ ಇಕ್ಕಟ್ಟಿನ ಜಾಗ. ತುರ್ತಿನಲ್ಲಿ ಆಸನದ ಸಮೇತ ಹೊರಕ್ಕೆ ಚಿಮ್ಮುವಾಗ ಮೊಣಕಾಲು ಮುಂದಿನ ಫಲಕಕ್ಕೆ ತಗುಲಬಾರದು ಎಂಬ ಕಾರಣದಿಂದ ತೊಡೆಯ ಉದ್ದವನ್ನೂ ಅಳೆಯುತ್ತಾರೆ. ಈ ಮಿತಿಗಳು ಆಗಾಗ ಪರಿಷ್ಕರಣೆಯಾಗುವುದರಿಂದ, ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ತಿಳಿಯಬೇಕು.

ಹಲ್ಲುಗಳನ್ನೂ ಕಡೆಗಣಿಸಬೇಡಿ. ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾದಾಗ, ಸರಿಯಾಗಿ ತುಂಬಿಸದ ಹಲ್ಲಿನ ಕುಳಿಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ತೀವ್ರವಾದ ನೋವು ಉಂಟಾಗುತ್ತದೆ. 2019ರಲ್ಲಿ ಗಗನಯಾನದ ಆಯ್ಕೆ ನಡೆದಾಗ, ಬೇರೆಲ್ಲದರಲ್ಲೂ ಸೈ ಎನಿಸಿಕೊಂಡ ಕೆಲವು ಪೈಲಟ್‌ಗಳು ಹಲ್ಲಿನ ತೊಂದರೆಯಿಂದ ಹಿಂದೆ ಉಳಿದರೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಇಪ್ಪತ್ತು ವರ್ಷದ ಸೇವೆಯ ನಂತರ ಇಂಥ ಕಾರಣಕ್ಕೆ ಹಿಂದೆ ಸರಿಯಬೇಕಾಗುವುದು ಎಷ್ಟು ನೋವಿನ ಸಂಗತಿ!

ವಾಯುಪಡೆಗೆ ಸೇರುವುದು

ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ತರಬೇತಿ ಆರಂಭವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿರಬೇಕು, ಮದುವೆಯಾಗಿರಬಾರದು, ಮತ್ತು ವಾಯುಪಡೆಯನ್ನು ಆರಿಸಿಕೊಳ್ಳುವವರು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ನಾಲ್ಕನೆಯ ವಿಷಯ ಜೀವಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ ಎಂಬುದು ಅರ್ಹತೆಯ ದೃಷ್ಟಿಯಿಂದ ಮುಖ್ಯವಲ್ಲ. ಆದರೂ ಜೀವಶಾಸ್ತ್ರವನ್ನು ಪೂರ್ತಿ ಕೈಬಿಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ, ಅದು ಮುಂದೆ ಬರುತ್ತದೆ. ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದವರು ಗಣಿತ ಮತ್ತು ವಿಜ್ಞಾನದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಒಂದು ವರ್ಷ ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು. ಲೆಕ್ಕ ಗೊತ್ತಿದ್ದೂ ಪದ ತಿಳಿಯದೆ ಅಂಕ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಐದು ದಿನಗಳ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿಯ) ಸಂದರ್ಶನವಿದ್ದು, ಇದಕ್ಕೂ 900 ಅಂಕಗಳಿವೆ. ವಾಯುಪಡೆಯ ಇಂಥ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಮನಶ್ಶಾಸ್ತ್ರಜ್ಞರು, ಗುಂಪು ಚಟುವಟಿಕೆ ನಡೆಸುವ ಅಧಿಕಾರಿ, ಸಂದರ್ಶಕರು ಹೀಗೆ ಮೂವರು ಬೇರೆ ಬೇರೆ ಕಡೆಯಿಂದ ಒಬ್ಬನೇ ಅಭ್ಯರ್ಥಿಯನ್ನು ನೋಡುತ್ತಾರೆ. ಮೂವರಿಗೂ ಕಂಡ ವ್ಯಕ್ತಿ ಒಬ್ಬನೇ ಆಗಿರಬೇಕು. ಕೋಚಿಂಗ್ ತರಗತಿಯಲ್ಲಿ ಬಾಯಿಪಾಠ ಮಾಡಿದ ಕಥೆಗಳು ಇಲ್ಲಿ ನಿಲ್ಲುವುದಿಲ್ಲ.

ಪೈಲಟ್ ಆಗಬಯಸುವವರಿಗೆ ಇದರ ಜೊತೆಗೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಆಧಾರಿತ ಪರೀಕ್ಷೆಯಿದೆ. ಪರದೆಯ ಮೇಲೆ ಓಡುವ ಚುಕ್ಕೆಯನ್ನು ಕೈಯಲ್ಲಿನ ಕೋಲು ಮತ್ತು ಕಾಲಿನ ಪೆಡಲುಗಳಿಂದ ಹಿಡಿತದಲ್ಲಿಟ್ಟುಕೊಳ್ಳುವುದು, ವಿಮಾನದ ಮಾಪಕಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಇದರ ಭಾಗಗಳು. ಜೀವನದಲ್ಲಿ ಒಮ್ಮೆ ಮಾತ್ರ ಈ ಪರೀಕ್ಷೆಗೆ ಅವಕಾಶ. ಒಮ್ಮೆ ಅನುತ್ತೀರ್ಣರಾದರೆ ಹಾರಾಟ ಶಾಖೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಹಿಂದಿನ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಹೋಗಿ ಈ ಪರೀಕ್ಷೆಗೆ ಕೂರಬೇಡಿ.

ಎನ್‌ಡಿಎ ವಯಸ್ಸು ದಾಟಿದವರಿಗೆ ಪದವಿಯ ನಂತರ ವಾಯುಪಡೆಯ ಎಎಫ್‌ಸಿಎಟಿ ಮತ್ತು ಯುಪಿಎಸ್‌ಸಿಯ ಸಿಡಿಎಸ್ ಎಂಬ ಪ್ರವೇಶ ಪರೀಕ್ಷೆಗಳಿವೆ. ಹಾರಾಟ ಶಾಖೆಗೆ ವಯೋಮಿತಿ 20ರಿಂದ 24. ಆದರೆ ಎಎಫ್‌ಸಿಎಟಿ ಮೂಲಕ ಹಾರಾಟ ಶಾಖೆಗೆ ಬಂದವರದು 14 ವರ್ಷಗಳ ಅಲ್ಪಾವಧಿ ಸೇವೆ. ಶುಕ್ಲಾ ಅವರು ಕಮಿಷನ್ ಪಡೆದು ಅಧಿಕಾರಿಯಾದದ್ದು 2006ರ ಜೂನ್‌ನಲ್ಲಿ, ಕಕ್ಷೆಗೆ ಹೋದದ್ದು 2025ರ ಜೂನ್‌ನಲ್ಲಿ. ನಡುವೆ ಹತ್ತೊಂಬತ್ತು ವರ್ಷ. ಈ ಲೆಕ್ಕವನ್ನು ನೋಡಿದರೆ ಎನ್‌ಡಿಎಯ ದಾರಿ ಏಕೆ ಅನುಕೂಲವೆಂದು ತಿಳಿಯುತ್ತದೆ.

ಹೆಣ್ಣುಮಕ್ಕಳ ಪೋಷಕರಿಗೆ ಒಂದು ಮಾತು. ವಾಯುಪಡೆಯಲ್ಲಿ ಮಹಿಳೆಯರು ಯುದ್ಧವಿಮಾನದ ಪೈಲಟ್‌ಗಳಾದದ್ದು 2016ರಲ್ಲಿ. ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎಗೆ ಅವರ ಪ್ರವೇಶವಾದದ್ದು 2022ರಲ್ಲಿ. 2019ರ ಗಗನಯಾನ ಆಯ್ಕೆ ಅನುಭವಿ ಟೆಸ್ಟ್ ಪೈಲಟ್‌ಗಳಿಗೆ ಸೀಮಿತವಾಗಿದ್ದರಿಂದ ಆ ನಾಲ್ವರಲ್ಲಿ ಮಹಿಳೆಯರಿಲ್ಲ. ಆಗ ಇಲ್ಲದಿದ್ದ ದಾರಿ ಈಗ ತೆರೆದಿದೆ. ಇಂದು ಹದಿನಾರರ ಹುಡುಗಿಗೆ ಅದರ ಪ್ರತಿ ಮೆಟ್ಟಿಲೂ ಲಭ್ಯ. ಖರ್ಚಿನ ಬಗ್ಗೆ ಚಿಂತಿಸುವ ಮನೆಗಳೂ ತಿಳಿದಿರಬೇಕಾದ್ದೇನೆಂದರೆ, ಎನ್‌ಡಿಎ ಮತ್ತು ಅಲ್ಲಿಂದ ಮುಂದಿನ ಹಾರಾಟ ತರಬೇತಿಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ.

ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ನಂತರ ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿ. ಯುದ್ಧವಿಮಾನಕ್ಕೆ ಆಯ್ಕೆಯಾದವರು ಬೀದರಿನ ವಾಯುನೆಲೆಗೆ ಬಂದು, ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಪರವಾನಗಿಯಡಿ ತಯಾರಾದ ಹಾಕ್ ಜೆಟ್ ವಿಮಾನದಲ್ಲಿ ಕಲಿಯುತ್ತಾರೆ. ಇಲ್ಲಿಂದ ಸ್ಕ್ವಾಡ್ರನ್ನಿಗೆ, ಅಂದರೆ ವಾಯುಪಡೆಯ ವಿಮಾನ ತುಕಡಿಗೆ, ಹೋದ ಮೇಲೆ ಹಲವು ವರ್ಷಗಳ ಕಾಲ ಗಗನಯಾತ್ರೆಯ ಯೋಚನೆಯನ್ನೇ ಬದಿಗಿಟ್ಟು ಹಾರಾಟವನ್ನು ಕಲಿಯಬೇಕು. ಗಗನಯಾನದ ನಾಲ್ವರ ಹೆಸರು ಪ್ರಕಟವಾದಾಗ ಅವರ ಹಾರಾಟದ ಅನುಭವ ಸುಮಾರು 2,000ದಿಂದ 3,000 ಗಂಟೆಗಳಷ್ಟಿತ್ತು. ಸುಖೋಯ್, ಮಿಗ್‌ಗಳಂಥ ಯುದ್ಧವಿಮಾನಗಳಷ್ಟೇ ಅಲ್ಲದೆ ಡಾರ್ನಿಯರ್, ಎಎನ್-32ರಂಥ ಸಾಗಣೆ ವಿಮಾನಗಳನ್ನೂ ಅವರು ಹಾರಿಸಿದ್ದರು. ನಾಲ್ವರಲ್ಲಿ ಮೂವರು ಹಾರಾಟ ಬೋಧಕರಾಗಿದ್ದವರು. ಇನ್ನೊಬ್ಬರಿಗೆ ಕಲಿಸಬಲ್ಲವನಿಗೆ ತನ್ನ ಕೆಲಸವನ್ನು ಬಿಡಿಸಿ ಹೇಳುವ ಅಭ್ಯಾಸವಿರುತ್ತದೆ. ಮುಂದಿನ ಹಂತಕ್ಕೆ ಬೇಕಾದದ್ದು ಅದೇ.

ಟೆಸ್ಟ್ ಪೈಲಟ್ ಎಂದರೆ ಯಾರು

ಬೆಂಗಳೂರಿನಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಸುರಂಜನ್ ದಾಸ್ ರಸ್ತೆ ಎಂಬ ಹೆಸರಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಬಹಳ ಮಂದಿಗೆ ಆ ಹೆಸರು ಯಾರದೆಂದು ತಿಳಿದಿರುವುದಿಲ್ಲ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್‌ನ ಟೆಸ್ಟ್ ಪೈಲಟ್ ಆಗಿದ್ದವರು. 1970ರ ಜನವರಿ 10ರಂದು ಅದೇ ವಿಮಾನದ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಟೆಸ್ಟ್ ಪೈಲಟ್ ಶಾಲೆಯಲ್ಲಿ ಅತ್ಯುತ್ತಮ ವಿದ್ಯಾರ್ಥಿಗೆ ಇಂದಿಗೂ ಅವರ ಹೆಸರಿನ ಟ್ರೋಫಿ ಕೊಡುತ್ತಾರೆ.

ಆ ಶಾಲೆಯಿರುವುದು ವಿಮಾನ ಮತ್ತು ಉಪಕರಣಗಳ ಪರೀಕ್ಷಾ ಸಂಸ್ಥೆಯಲ್ಲಿ, ಅಂದರೆ ಎಎಸ್‌ಟಿಇಯಲ್ಲಿ. 1957ರಲ್ಲಿ ಕಾನ್ಪುರದಲ್ಲಿ ಆರಂಭವಾದ ಈ ಸಂಸ್ಥೆ ನಂತರ ಬೆಂಗಳೂರಿಗೆ ಬಂತು. ಸ್ಕ್ವಾಡ್ರನ್ನಿನಲ್ಲಿ ಚೆನ್ನಾಗಿ ಪಳಗಿದ ಪೈಲಟ್‌ಗಳಲ್ಲಿ ಕೆಲವರನ್ನಷ್ಟೇ ಆರಿಸಿ ಸುಮಾರು ಒಂದು ವರ್ಷ ಇಲ್ಲಿ ತರಬೇತಿ ಕೊಡುತ್ತಾರೆ. ಬೆಳಗ್ಗೆ ಹಾರಾಟ, ಮಧ್ಯಾಹ್ನ ವಾಯುಚಲನ ಶಾಸ್ತ್ರ ಮತ್ತು ಗಣಿತ, ರಾತ್ರಿ ವರದಿ ಬರೆಯುವುದು ಎಂಬಂಥ ದಿನಚರಿ. ಗಣಿತ ಬಿಟ್ಟು ಬರೀ ಧೈರ್ಯ ನಂಬಿಕೊಂಡವರಿಗೆ ಇಲ್ಲಿ ಜಾಗವಿಲ್ಲ.

ಟೆಸ್ಟ್ ಪೈಲಟ್ ಎಂದರೆ ಪ್ರಾಣದ ಹಂಗಿಲ್ಲದೆ ವಿಮಾನವನ್ನು ಅಡ್ಡಾದಿಡ್ಡಿ ಹಾರಿಸುವವನು ಎಂಬ ಕಲ್ಪನೆ ಹಲವರಲ್ಲಿದೆ. ನಿಜವಾದ ಕೆಲಸ ಅದಕ್ಕೆ ತದ್ವಿರುದ್ಧ. ಹಾರುವ ಮೊದಲೇ ಎಂಜಿನಿಯರುಗಳೊಂದಿಗೆ ಕುಳಿತು, ಆ ದಿನ ಮಾಡಬೇಕಾದ ಪ್ರತಿಯೊಂದು ಪರೀಕ್ಷೆಯನ್ನೂ ಒಂದು ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ: ಇಷ್ಟು ಎತ್ತರ, ಇಷ್ಟು ವೇಗ, ಕೋಲನ್ನು ಇಷ್ಟು ತಳ್ಳಬೇಕು, ಇಷ್ಟು ಸೆಕೆಂಡು ಹಿಡಿದಿರಬೇಕು, ಇಂಥದ್ದು ಕಂಡರೆ ತಕ್ಷಣ ನಿಲ್ಲಿಸಬೇಕು. ಆ ಕಾರ್ಡು ಪೈಲಟ್‌ನ ತೊಡೆಗೆ ಪಟ್ಟಿಯಿಂದ ಬಿಗಿದ ಪುಟ್ಟ ಹಲಗೆಯ ಮೇಲಿರುತ್ತದೆ. ಸುರಕ್ಷಿತವೆಂದು ಗೊತ್ತಿರುವ ವೇಗದಿಂದ ಶುರುಮಾಡಿ, ಒಂದೊಂದೇ ಹೆಜ್ಜೆಯಾಗಿ ಮಿತಿಯ ಕಡೆಗೆ ಹೋಗುತ್ತಾರೆ. ಒಂದು ಹೆಜ್ಜೆಯ ಫಲಿತಾಂಶ ಲೆಕ್ಕಕ್ಕೆ ಹೊಂದದಿದ್ದರೆ ಮುಂದಿನ ಹೆಜ್ಜೆ ಇಡುವುದಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಮೊದಲ ತೇಜಸ್ ವಿಮಾನವನ್ನು ಹಾರಿಸಿದಾಗ ಅದು ಆಕಾಶದಲ್ಲಿದ್ದದ್ದು 18 ನಿಮಿಷ ಮಾತ್ರ. ಅಷ್ಟಕ್ಕೆ ಎಷ್ಟು ವರ್ಷಗಳ ಸಿದ್ಧತೆ ಬೇಕಾಯಿತೆಂದು ಯೋಚಿಸಿದರೆ ಈ ವೃತ್ತಿಯ ಸ್ವಭಾವ ಅರ್ಥವಾಗುತ್ತದೆ.

ಇಳಿದ ಮೇಲೆ "ವಿಮಾನ ಚೆನ್ನಾಗಿತ್ತು" ಎಂದೋ "ಸ್ವಲ್ಪ ಎಳೆಯುತ್ತಿತ್ತು" ಎಂದೋ ಹೇಳುವಂತಿಲ್ಲ. 1969ರಿಂದ ಬಳಕೆಯಲ್ಲಿರುವ ಕೂಪರ್-ಹಾರ್ಪರ್ ಮಾಪನವೆಂಬ ಒಂದರಿಂದ ಹತ್ತರವರೆಗಿನ ಅಂಕಪಟ್ಟಿಯಲ್ಲಿ ಪೈಲಟ್ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ವಿಮಾನ ಹಿಡಿತದಲ್ಲಿತ್ತೇ? ಸಹಿಸಬಹುದಾದಷ್ಟು ಶ್ರಮದಲ್ಲಿ ಕೆಲಸ ಪೂರೈಸಲು ಸಾಧ್ಯವಾಯಿತೇ? ಸುಧಾರಣೆ ಮಾಡದೆ ಹೀಗೆಯೇ ಬಿಡಬಹುದೇ? ಅಂಕ ಒಂದಾದರೆ ಅತ್ಯುತ್ತಮ, ಹತ್ತಾದರೆ ವಿಮಾನ ಕೈಮೀರಿ ಹೋಗುತ್ತದೆ ಎಂದರ್ಥ. ಪೈಲಟ್‌ಗೆ ಮೈಯಲ್ಲಿ ಅನುಭವವಾದದ್ದನ್ನು ಎಂಜಿನಿಯರ್ ಲೆಕ್ಕಹಾಕಬಲ್ಲ ಮಾತಿಗೆ ತಿರುಗಿಸುವುದೇ ಈ ವಿದ್ಯೆ.

ಬಾಹ್ಯಾಕಾಶ ಸಂಸ್ಥೆಗಳು ಟೆಸ್ಟ್ ಪೈಲಟ್‌ಗಳನ್ನು ಹುಡುಕಿಕೊಂಡು ಬಂದದ್ದೂ ಇದೇ ಕಾರಣಕ್ಕೆ. 1959ರಲ್ಲಿ ಅಮೆರಿಕದ ಮರ್ಕ್ಯುರಿ ಯೋಜನೆಗೆ ಜನ ಬೇಕಾದಾಗ, ಸೇನೆಯ ಟೆಸ್ಟ್ ಪೈಲಟ್‌ಗಳನ್ನಷ್ಟೇ ಪರಿಗಣಿಸಿ, 508 ಮಂದಿಯ ದಾಖಲೆಗಳನ್ನು ನೋಡಿ, 110 ಮಂದಿ ಅರ್ಹರೆಂದು ಗುರುತಿಸಿ, ಕೊನೆಗೆ ಏಳು ಮಂದಿಯನ್ನು ಆರಿಸಿದರು. ಸೋವಿಯತ್ ಒಕ್ಕೂಟ ಬೇರೆ ದಾರಿ ಹಿಡಿಯಿತು. ಅವರ ನೌಕೆ ಬಹುಪಾಲು ಸ್ವಯಂಚಾಲಿತವಾಗಿದ್ದರಿಂದ ಯೂರಿ ಗಗಾರಿನ್‌ರಂಥ ಎಳೆಯ ಯುದ್ಧವಿಮಾನ ಪೈಲಟ್‌ಗಳನ್ನು ಆರಿಸಿತು. ಯಾರೂ ಹೋಗಿರದ ಹೊಸ ನೌಕೆಯಲ್ಲಿ ಮೊದಲ ಬಾರಿ ಹೋಗುವವನು ಅದನ್ನು ಪರೀಕ್ಷೆ ಮಾಡಿಕೊಂಡೂ ಬರಬೇಕೆಂದಾದರೆ ಟೆಸ್ಟ್ ಪೈಲಟ್ ಅಗತ್ಯ. ಗಗನಯಾನದ ನೌಕೆಯೂ ನಮಗೆ ಹೊಸದೇ.

ಈ ಅಭ್ಯಾಸವನ್ನು ಈಗಲೇ ಆರಂಭಿಸಬಹುದು. ನಿಮ್ಮ ಸೈಕಲ್ಲನ್ನು ತೆಗೆದುಕೊಂಡು, ಊರಿನಲ್ಲಿ ವಾಹನ ಸಂಚಾರವಿಲ್ಲದ ಒಂದು ಸಣ್ಣ ಇಳಿಜಾರನ್ನು ಆರಿಸಿಕೊಳ್ಳಿ. ಸುಣ್ಣದಿಂದ ಗೆರೆ ಎಳೆದು, ಗೆರೆಯ ಬಳಿ ಬ್ರೇಕ್ ಹಿಡಿದರೆ ಸೈಕಲ್ ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಟೇಪಿನಿಂದ ಅಳೆಯಿರಿ. ಮೊದಲು ನಿಧಾನವಾಗಿ, ನಂತರ ಸ್ವಲ್ಪ ವೇಗವಾಗಿ. ಚಕ್ರದಲ್ಲಿ ಗಾಳಿ ಪೂರ್ತಿಯಿದ್ದಾಗ, ಕಡಿಮೆಯಿದ್ದಾಗ. ಹಿಂದಿನ ಬ್ರೇಕ್ ಮಾತ್ರ ಹಿಡಿದಾಗ, ಎರಡನ್ನೂ ಹಿಡಿದಾಗ. ಒಮ್ಮೆಗೆ ಒಂದೇ ಸಂಗತಿಯನ್ನು ಬದಲಿಸಿ, ಪ್ರತಿಯೊಂದನ್ನೂ ಮೂರು ಸಲ ಮಾಡಿ. ಆಮೇಲೆ ಆ ಸೈಕಲ್ಲನ್ನು ನೋಡಿಯೇ ಇಲ್ಲದವನಿಗೆ ಅರ್ಥವಾಗುವಂತೆ ಎರಡು ಪುಟದ ವರದಿ ಬರೆಯಿರಿ. ನನ್ನ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿದಾಗ ಬಹುತೇಕ ಎಲ್ಲರೂ ಮೊದಲ ವರದಿಯಲ್ಲಿ ತಮಗೆ ಅನಿಸಿದ್ದನ್ನು ಬರೆಯುತ್ತಾರೆ, ಕಂಡದ್ದನ್ನಲ್ಲ. ಮೂರನೆಯ ವರದಿಯ ಹೊತ್ತಿಗೆ ವ್ಯತ್ಯಾಸ ತಿಳಿಯುತ್ತದೆ.

ಆಯ್ಕೆ

ಗಗನಯಾತ್ರಿ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಬಂದು ನಾವು ಅರ್ಜಿ ಹಾಕುವ ಪದ್ಧತಿ 2019ರಲ್ಲಿ ಇರಲಿಲ್ಲ. ವಾಯುಪಡೆಯೇ ತನ್ನ ಟೆಸ್ಟ್ ಪೈಲಟ್‌ಗಳಲ್ಲಿ ಆಯ್ಕೆ ನಡೆಸಿತು. ಅದರ ಮೊದಲ ಹಂತ ನಡೆದದ್ದು ಬೆಂಗಳೂರಿನ ವೈಮಾನಿಕ ಮತ್ತು ಬಾಹ್ಯಾಕಾಶ ವೈದ್ಯಕೀಯ ಸಂಸ್ಥೆಯಲ್ಲಿ: ರಕ್ತ ಪರೀಕ್ಷೆ, ಎಕ್ಸ್-ರೇ, ಸ್ಕ್ಯಾನ್, ದೈಹಿಕ ಸಾಮರ್ಥ್ಯ, ಮನಸ್ಸಿನ ಸ್ಥಿರತೆ ಎಲ್ಲವನ್ನೂ ನೋಡಿದರು. ರಾಕೇಶ್ ಶರ್ಮಾ ಅವರ ಕಾಲದಲ್ಲೂ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲೇ. ಮುಚ್ಚಿದ ಜಾಗದಲ್ಲಿ ಭಯ ಹುಟ್ಟುವುದೇ ಎಂದು ನೋಡಲು ಅವರನ್ನು ಒಂದು ಕೋಣೆಯಲ್ಲಿ 72 ಗಂಟೆ ಕೂಡಿಹಾಕಿದ್ದರು.

ಈ ಸಂಸ್ಥೆಯಲ್ಲಿರುವ ಸೆಂಟ್ರಿಫ್ಯೂಜ್ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಉದ್ದನೆಯ ತೋಳಿನ ತುದಿಯಲ್ಲಿ ಒಂದು ಗೂಡು, ಅದರೊಳಗೆ ಪೈಲಟ್. ತೋಳು ತಿರುಗಿದಂತೆ ದೇಹದ ಭಾರ ಹೆಚ್ಚುತ್ತದೆ. ಯುದ್ಧವಿಮಾನದಲ್ಲಿ ಕುಳಿತ ಭಂಗಿಯಲ್ಲಿ ಈ ಬಲ ತಲೆಯಿಂದ ಕಾಲಿನ ಕಡೆಗೆ ಎಳೆಯುವುದರಿಂದ ರಕ್ತ ಕೆಳಗಿಳಿದು, ಮೊದಲು ಬಣ್ಣಗಳು ಮಾಸುತ್ತವೆ, ನಂತರ ಸುರಂಗದ ತುದಿಯಿಂದ ನೋಡಿದಂತೆ ದೃಷ್ಟಿ ಕಿರಿದಾಗುತ್ತದೆ, ಅಲ್ಲಿಗೂ ನಿಲ್ಲಿಸದಿದ್ದರೆ ಪ್ರಜ್ಞೆ ತಪ್ಪುತ್ತದೆ. ಇದನ್ನು ತಡೆಯಲು ಪೈಲಟ್‌ಗಳು ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರಾಡುವ ಕ್ರಮವನ್ನು ಕಲಿಯುತ್ತಾರೆ. ಬಾಹ್ಯಾಕಾಶ ನೌಕೆಯಲ್ಲಿ ಬೆನ್ನಿನ ಮೇಲೆ ಮಲಗಿದ ಭಂಗಿಯಿರುವುದರಿಂದ ಬಲ ಎದೆಯಿಂದ ಬೆನ್ನಿನ ಕಡೆಗೆ ಬೀಳುತ್ತದೆ. ಕಣ್ಣು ಕತ್ತಲಿಡುವ ಭಯ ಕಡಿಮೆ, ಆದರೆ ಎದೆಯ ಮೇಲೆ ಯಾರೋ ಕೂತಂತಾಗಿ ಉಸಿರೆಳೆಯುವುದು ಕಷ್ಟ. ರಷ್ಯಾದ ಸೋಯುಜ್ ನೌಕೆ ಮಾಮೂಲಿನಂತೆ ಇಳಿಯುವಾಗ ಸುಮಾರು ನಾಲ್ಕು ಪಟ್ಟು ಭಾರ. ತುರ್ತಿನ ದಾರಿಯಲ್ಲಿ ಇಳಿದರೆ ಎಂಟು ಪಟ್ಟು ದಾಟಬಹುದು. ಹಾಗಾಗಿ ತರುಣರು ತೋಳಿನ ಮಾಂಸಖಂಡ ಬೆಳೆಸುವುದಕ್ಕಿಂತ ಕಾಲು, ಸೊಂಟ ಮತ್ತು ಉಸಿರಾಟದ ಶಕ್ತಿ ಬೆಳೆಸಿಕೊಳ್ಳುವುದು ಒಳ್ಳೆಯದು. ಈಜು ಮತ್ತು ಓಟ ಸಾಕು.

ಕಲಿಕೆ ಮತ್ತೆ ಮೊದಲಿನಿಂದ

ಆಯ್ಕೆಯಾದ ದಿನದಿಂದ ಸಾವಿರಾರು ಗಂಟೆ ಹಾರಿದ ಪೈಲಟ್ ಮತ್ತೆ ವಿದ್ಯಾರ್ಥಿಯಾಗುತ್ತಾನೆ. ಗಗನಯಾನದ ನಾಲ್ವರು 2020ರ ಫೆಬ್ರವರಿಯಲ್ಲಿ ಮಾಸ್ಕೋ ಬಳಿಯ ಗಗಾರಿನ್ ತರಬೇತಿ ಕೇಂದ್ರಕ್ಕೆ ಸೇರಿದ ಕೂಡಲೇ, ನೌಕೆ ದಾರಿ ತಪ್ಪಿ ಚಳಿಗಾಲದ ಕಾಡಿನಲ್ಲಿ ಇಳಿದರೆ ಬದುಕುಳಿಯುವುದು ಹೇಗೆಂಬುದನ್ನು ಹಿಮದಲ್ಲೇ ಕಲಿತರು. ನಂತರ ಕೋವಿಡ್‌ನಿಂದ ತರಬೇತಿ ಕೆಲವು ವಾರ ನಿಂತು, ಮೇ ತಿಂಗಳಲ್ಲಿ ಮುಂದುವರಿದು, ನೀರಿನಲ್ಲಿ ಇಳಿದರೆ ಏನು ಮಾಡಬೇಕು, ಹುಲ್ಲುಗಾವಲಿನಲ್ಲಿ ಇಳಿದರೆ ಏನು ಮಾಡಬೇಕು ಎಂಬ ಪಾಠಗಳಾದವು. ಐಎಲ್-76 ವಿಮಾನವನ್ನು ಎತ್ತರಕ್ಕೇರಿಸಿ ಕಮಾನಿನಂಥ ಪಥದಲ್ಲಿ ಬೀಳುವಂತೆ ಹಾರಿಸಿದಾಗ ಒಳಗಿದ್ದವರಿಗೆ ಸುಮಾರು 25 ಸೆಕೆಂಡು ತೂಕವಿಲ್ಲದ ಸ್ಥಿತಿ ಸಿಗುತ್ತದೆ. ಅಷ್ಟರಲ್ಲೇ ಉಡುಪು ತೊಡುವುದನ್ನೂ ವಸ್ತುಗಳನ್ನು ಸಾಗಿಸುವುದನ್ನೂ ಅಭ್ಯಾಸ ಮಾಡಬೇಕು. ರಷ್ಯನ್ ಭಾಷೆಯ ಪಾಠವೂ ಜೊತೆಗಿತ್ತು. 2021ರ ಮಾರ್ಚ್‌ನಲ್ಲಿ ಅದು ಮುಗಿದ ಮೇಲೆ ಬೆಂಗಳೂರಿನಲ್ಲಿ ಇಸ್ರೋದ ಗಗನಯಾತ್ರಿ ತರಬೇತಿ ಕೇಂದ್ರದಲ್ಲಿ ಗಗನಯಾನ ನೌಕೆಗೆ ಸಂಬಂಧಿಸಿದ ಕಲಿಕೆ ಮುಂದುವರಿಯಿತು. ಶುಕ್ಲಾ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಕೂಡ ಓದಿದರು.

ಜೀವಶಾಸ್ತ್ರವನ್ನು ಕೈಬಿಡಬೇಡಿ ಎಂದದ್ದು ಇದಕ್ಕೇ: ಕಕ್ಷೆಗೆ ತಲುಪಿದ ಮೇಲೆ ಪೈಲಟ್‌ನ ಬಹುಪಾಲು ಸಮಯ ಪ್ರಯೋಗಾಲಯದ ಕೆಲಸಕ್ಕೆ ಹೋಗುತ್ತದೆ. ಶುಕ್ಲಾ ಅವರು ನಿಲ್ದಾಣದಲ್ಲಿದ್ದ ಸುಮಾರು 18 ದಿನಗಳಲ್ಲಿ ಇಸ್ರೋ ಕಳುಹಿಸಿದ ಏಳು ಪ್ರಯೋಗಗಳಿದ್ದವು. ಅವುಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ರೂಪಿಸಿದ್ದು: ಮೆಂತ್ಯ ಮತ್ತು ಹೆಸರುಕಾಳು ತೂಕರಹಿತ ಸ್ಥಿತಿಯಲ್ಲಿ ಹೇಗೆ ಮೊಳಕೆಯೊಡೆಯುತ್ತವೆ ಎಂಬುದರ ಪರಿಶೀಲನೆ. ನಮ್ಮ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುವ ಕಾಳನ್ನೇ ಅಲ್ಲಿ ಪುಟ್ಟ ಗಾಜಿನ ತಟ್ಟೆಯಲ್ಲಿಟ್ಟು, ನೀರುಣಿಸಿ, ಚಿತ್ರ ತೆಗೆದು, ನಂತರ ಶೈತ್ಯಯಂತ್ರದಲ್ಲಿ ಕಾಪಿಟ್ಟು ಭೂಮಿಗೆ ತರಬೇಕು. ಯುದ್ಧವಿಮಾನ ಹಾರಿಸಿದ ಕೈಗೆ ಆ ಸೂಕ್ಷ್ಮತೆ ಬರಬೇಕು.

ವಿದೇಶದಲ್ಲಿರುವ ಕನ್ನಡಿಗರ ಮಕ್ಕಳ ವಿಷಯ ಬೇರೆ. ನಾಸಾ ಅಮೆರಿಕದ ಪ್ರಜೆಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ವಿಜ್ಞಾನ ಅಥವಾ ಎಂಜಿನಿಯರಿಂಗ್‌ನಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಮತ್ತು ವೃತ್ತಿಯ ಅನುಭವ ಅಥವಾ ವಿಮಾನದ ಮುಖ್ಯ ಪೈಲಟ್ ಆಗಿ 1,000 ಗಂಟೆ ಹಾರಾಟ ಕೇಳುತ್ತದೆ. ಸುನೀತಾ ವಿಲಿಯಮ್ಸ್ ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಮತ್ತು ಟೆಸ್ಟ್ ಪೈಲಟ್ ಆಗಿದ್ದವರು, ರಾಜಾ ಚಾರಿ ವಾಯುಪಡೆಯ ಟೆಸ್ಟ್ ಪೈಲಟ್ ಆಗಿದ್ದವರು. ದೇಶ ಬೇರೆಯಾದರೂ ಮೆಟ್ಟಿಲು ಅದೇ.

ಮೀಸಲು ಆಸನ ಮತ್ತು ಹಿಂತಿರುಗಿದ ಮೇಲೆ

ಈ ವೃತ್ತಿಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗವೆಂದು ನನಗನಿಸುವುದು ಮೀಸಲು ಗಗನಯಾತ್ರಿಯದು. 1984ರಲ್ಲಿ ರವೀಶ್ ಮಲ್ಹೋತ್ರಾ ಅವರು ರಾಕೇಶ್ ಶರ್ಮಾ ಅವರ ಜೊತೆಗೇ ಅದೇ ತರಬೇತಿ ಪಡೆದು, ಅದೇ ರಷ್ಯನ್ ಭಾಷೆ ಕಲಿತು, ಉಡಾವಣೆಯ ದಿನ ನೆಲದ ಮೇಲೆ ಉಳಿದರು. ಮುಂದೆ ದೆಹಲಿ ಬಳಿಯ ಹಿಂಡನ್ ವಾಯುನೆಲೆಯ ಮುಖ್ಯಸ್ಥರಾದರು. 2025ರಲ್ಲಿ ಅದೇ ಸ್ಥಾನದಲ್ಲಿದ್ದವರು ಪ್ರಶಾಂತ್ ನಾಯರ್. ಹೋಗುವವನು ಕೊನೆಯ ಗಳಿಗೆಯಲ್ಲಿ ಅಸ್ವಸ್ಥನಾದರೆ ಹೊರಡಲು ಸಿದ್ಧರಿರಬೇಕು, ಆದರೆ ಹಾಗಾಗದಿರಲಿ ಎಂದು ಮನಸಾರೆ ಬಯಸಲೂ ಬೇಕು. ಹೋಗುವವರಿಗೂ ಕಾಯುವುದು ತಪ್ಪಿದ್ದಲ್ಲ: ಶುಕ್ಲಾ ಅವರ ಉಡಾವಣೆ ರಾಕೆಟ್ಟಿನ ದ್ರವ ಆಮ್ಲಜನಕದ ಸೋರಿಕೆ ಮತ್ತು ನಿಲ್ದಾಣದ ರಷ್ಯನ್ ಭಾಗದ ಸೋರಿಕೆ ಸೇರಿದಂತೆ ಹಲವು ಕಾರಣಗಳಿಂದ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಅವರು ಒಂದು ತಿಂಗಳ ಕಾಲ ಕ್ವಾರಂಟೈನಿನಲ್ಲೇ ಇರಬೇಕಾಯಿತು. ಈ ಸ್ವಭಾವ ತರಬೇತಿಯಿಂದ ಬರುವುದಲ್ಲ. ಮನೆಯಲ್ಲಿ, ಆಟದ ಮೈದಾನದಲ್ಲಿ, ಹನ್ನೆರಡನೆಯ ಆಟಗಾರನಾಗಿ ಕೂತಾಗ ಮಗು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಂದೆ ತಾಯಿ ಗಮನಿಸುತ್ತಿರಬೇಕು.

ಹಿಂತಿರುಗಿದ ಮೇಲೆ ದೇಹಕ್ಕೆ ಮತ್ತೆ ನೆಲದ ರೂಢಿ ಮಾಡಿಸಬೇಕಾಗುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಸ್ನಾಯು ಮತ್ತು ಮೂಳೆ ದುರ್ಬಲವಾಗುವುದರಿಂದ ನಿಲ್ದಾಣದಲ್ಲಿ ದೀರ್ಘಕಾಲ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಆದರೂ ಇಳಿದ ಮೊದಲ ದಿನಗಳಲ್ಲಿ ನಿಲ್ಲುವುದು, ತಿರುಗುವುದು, ಮೆಟ್ಟಿಲಿಳಿಯುವುದು ಎಲ್ಲವೂ ಹೊಸದೆನಿಸುತ್ತವೆ. ಅದಾದ ಮೇಲೆ ಕೆಲಸ. ಬಾಹ್ಯಾಕಾಶದಲ್ಲಿ ಏಳು ದಿನ, ಇಪ್ಪತ್ತೊಂದು ಗಂಟೆ, ನಲವತ್ತು ನಿಮಿಷ ಕಳೆದು ಬಂದ ರಾಕೇಶ್ ಶರ್ಮಾ ಅವರು 1987ರಲ್ಲಿ ಎಚ್‌ಎಎಲ್ ಸೇರಿ, ನಾಸಿಕ್ ವಿಭಾಗದಲ್ಲಿ 1992ರವರೆಗೆ, ಆಮೇಲೆ ಬೆಂಗಳೂರಿನಲ್ಲಿ ಮುಖ್ಯ ಟೆಸ್ಟ್ ಪೈಲಟ್ ಆಗಿ, 2001ರಲ್ಲಿ ಹಾರಾಟದಿಂದ ನಿವೃತ್ತರಾಗುವವರೆಗೂ ತೊಡೆಯ ಮೇಲೆ ಕಾರ್ಡು ಕಟ್ಟಿಕೊಂಡು ವಿಮಾನಗಳನ್ನು ಪರೀಕ್ಷಿಸುತ್ತಿದ್ದರು.